ಗಿರಿಜಾ ಕೊಟ್ಟ ಬನ್ನಿ

ದಸರಾ ರಜೆ ಬಂದರೆ ಬೇರೆ ಶಾಲೆಗಳ ಗೇಟಿಗೆ ಬೀಗ ಬೀಳುತ್ತದೆ. ನಮ್ಮ ಶಾಲೆಯಲ್ಲಿ ಆ ದಿನಗಳಲ್ಲೇ ಜನ ಹೆಚ್ಚು. ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಒಳರಸ್ತೆಯಲ್ಲಿ ಹಳೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದು ನಡೆಸುತ್ತಿದ್ದ ಶಾಲೆ ಅದು. ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳು, ಕೈಕಾಲು ಸ್ವಾಧೀನದಲ್ಲಿಲ್ಲದ ಮಕ್ಕಳು, ಮಾತು ಬಾರದ ಮಕ್ಕಳು ಅಲ್ಲಿ ಕಲಿಯುತ್ತಿದ್ದರು. ದೂರದ ಊರಿನ ಕೆಲವರು ಅಲ್ಲೇ ಉಳಿಯುತ್ತಿದ್ದರು. ಹಬ್ಬ ಹತ್ತಿರವಾಯಿತೆಂದರೆ ಊರಿನ ದಾನಿಗಳಿಗೆ ನಮ್ಮ ನೆನಪಾಗುತ್ತಿತ್ತು.

ಆ ಶಾಲೆಯಲ್ಲಿ ವಿಶೇಷ ಶಿಕ್ಷಕಿಯಾಗಿ ನನ್ನ ಆಯುಷ್ಯದ ಬಹುಪಾಲು ಕಳೆಯಿತು. ಈಗ ಮನೆಯಲ್ಲಿದ್ದೇನೆ. ಇದೇ ಕೆಲಸಕ್ಕೆ ತರಬೇತಿ ಪಡೆಯುತ್ತಿರುವ ಹುಡುಗಿಯರು ಆಗಾಗ ಬಂದು ಜಗಲಿಯ ಮೇಲೆ ಕೂರುತ್ತಾರೆ. "ವನಜಾ ಟೀಚರ್, ನಮ್ಮ ಪುಸ್ತಕದಾಗೆ ಇಲ್ದಿದ್ದು ಏನಾದ್ರೂ ಹೇಳ್ರಿ" ಎನ್ನುತ್ತಾರೆ. ಪ್ರತಿ ಸಲ ಬೇರೆ ಏನೋ ಹೇಳಹೋಗಿ ನನ್ನ ಮಾತು ಗಿರಿಜಾಳ ಹತ್ತಿರವೇ ಬಂದು ನಿಲ್ಲುತ್ತದೆ. ಆದ್ದರಿಂದ ಅವಳ ವಿಷಯವನ್ನು ಒಮ್ಮೆ ಬರೆದೇ ಬಿಡುತ್ತೇನೆ. ಅದಕ್ಕೆ ಮೊದಲು ದಾನಿಗಳ ಮಾತು ಮುಗಿಸಬೇಕು.

ಹಬ್ಬದ ದಿನ ಮಧ್ಯಾಹ್ನದ ಹೊತ್ತಿಗೆ ಗೇಟಿನ ಮುಂದೆ ಕಾರು ಬಂದು ನಿಲ್ಲುತ್ತಿತ್ತು. ಸಿಹಿ ಡಬ್ಬಿಗಳು, ಹೊಸ ಟವೆಲ್ಲುಗಳು, ಒಂದು ಬ್ಯಾನರ್. ಮಕ್ಕಳನ್ನು ಸಾಲಾಗಿ ಕೂಡಿಸಿ ಒಬ್ಬೊಬ್ಬರ ಕೈಗೂ ಲಾಡು ಕೊಟ್ಟು ಫೋಟೋ ತೆಗೆಯುತ್ತಿದ್ದರು. ಫೋಟೋ ಮುಗಿಯುವವರೆಗೆ ಲಾಡು ಬಾಯಿಗೆ ಹೋಗುವಂತಿರಲಿಲ್ಲ. "ಥ್ಯಾಂಕ್ಸ್ ಹೇಳು ಪುಟ್ಟಿ" ಎಂದು ಮಾತೇ ಬಾರದ ಮಗುವಿನ ಗದ್ದ ಹಿಡಿದು ಕೇಳುತ್ತಿದ್ದರು. ಅವರು ಕೆಟ್ಟವರಾಗಿರಲಿಲ್ಲ. ಅವರು ತಂದ ಅಕ್ಕಿ ಬೇಳೆಯಿಂದ ನಮ್ಮ ಅಡುಗೆಮನೆ ಎಷ್ಟೋ ತಿಂಗಳು ನಡೆದಿದೆ. ಆದರೆ ಕಾರು ಹೋದ ಮೇಲೆ ಮಕ್ಕಳ ಮುಖದಲ್ಲಿ ಹಬ್ಬದ ಕಳೆ ಇರುತ್ತಿರಲಿಲ್ಲ, ದಣಿವು ಇರುತ್ತಿತ್ತು.

ನಮ್ಮ ಮುಖ್ಯೋಪಾಧ್ಯಾಯಿನಿ ಶಾರದಮ್ಮನವರಿಗೆ ಇದು ಒಳಗೇ ಕೊರೆಯುತ್ತಿತ್ತು. ನಾವು ಅವರನ್ನು ದೊಡ್ಡ ಮೇಡಂ ಎನ್ನುತ್ತಿದ್ದೆವು. ಗಟ್ಟಿ ದನಿಯ, ಕಡಿಮೆ ನಗುವ ಹೆಂಗಸು. ಒಂದು ವರ್ಷ ದಸರಾಕ್ಕೆ ಮೊದಲು ನಮ್ಮನ್ನೆಲ್ಲ ಕೂಡಿಸಿಕೊಂಡು ಹೇಳಿದರು: "ಈ ಹುಡುಗ್ರಿಗೆ ಹುಟ್ಟಿದಾಗಿಂದ ಇಸ್ಕೊಳ್ಳೋದೇ ಆಗೈತೆ. ಔಷಧಿ ಇಸ್ಕೋ, ಬಟ್ಟೆ ಇಸ್ಕೋ, ಲಾಡು ಇಸ್ಕೋ. ಕೊಡೋದು ಯಾವಾಗ ಕಲೀಬೇಕು ಇವು? ಈ ಸರ್ತಿ ಬಂದೋರಿಗೆ ನಮ್ಮ ಹುಡುಗ್ರೇ ಬಡಿಸ್ಲಿ. ಫೋಟೋ ಆಮ್ಯಾಲೆ."

ಬಡಿಸುವ ಕೆಲಸಕ್ಕೆ ನಾವು ಆರಿಸಿದ್ದು ಮಂಜುವನ್ನು. ಡೌನ್ ಸಿಂಡ್ರೋಮ್ ಇದ್ದ, ದುಂಡು ಮುಖದ ಯುವಕ. ಹೇಳಿದ ಕೆಲಸವನ್ನು ದೇವರ ಪೂಜೆಯಂತೆ ಮಾಡುವವನು. ದಿನಾ ಮಧ್ಯಾಹ್ನ ಖಾಲಿ ತಟ್ಟೆಗಳನ್ನು ಸಾಲಾಗಿಟ್ಟು ಬೋಗುಣಿಯಿಂದ ಮಂಡಕ್ಕಿ ಬಡಿಸುವುದನ್ನು ಅವನಿಗೆ ಕಲಿಸಿದೆವು. ಕೈ ಬಗ್ಗಿಸುವುದು, ಚೆಲ್ಲದಂತೆ ಹಾಕುವುದು, ಮುಂದಿನ ತಟ್ಟೆಗೆ ಹೋಗುವುದು ಎಲ್ಲ ಕಲಿತ.

ಹಬ್ಬದ ದಿನ ಬಂದವರು ಬಟ್ಟೆ ಅಂಗಡಿಯ ಸಾಹುಕಾರರೊಬ್ಬರು. ದೊಡ್ಡ ಮೇಡಂ ಅವರನ್ನು ಚಾಪೆಯ ಮೇಲೆ ಕೂಡಿಸಿದರು. ಮಂಜು ಗಂಭೀರವಾಗಿ ಬಂದು ಮಂಡಕ್ಕಿ ಹಾಕಿದ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇಟ್ಟ. ಸಾಹುಕಾರರು ಸಂಕೋಚದಿಂದ ನಕ್ಕರು. ಅದನ್ನು ಇನ್ನೂ ಬೇಕು ಎಂದು ತಿಳಿದು ಮಂಜು ಇನ್ನೊಂದಿಷ್ಟು ಹಾಕಿದ. ಅವರು ಮತ್ತೆ ನಕ್ಕರು, ಇವನು ಮತ್ತೆ ಹಾಕಿದ. ಮಂಡಕ್ಕಿ ಗುಡ್ಡೆಯಾಗಿ ಚಾಪೆಗೆ ಜಾರಿ, ಆಮೇಲೆ ಅವರ ಬಿಳಿ ಪಂಚೆಯ ಮೇಲೂ ಜಾರಿತು. ನಾನು ಓಡಿ ಬರುವಷ್ಟರಲ್ಲಿ ಅವರೇ, "ಸಾಕೋ ಯಪ್ಪಾ, ಸಾಕು" ಎಂದರು. ಮಂಜು ಅಲ್ಲೇ ನಿಂತ. 'ಸಾಕು' ಎಂಬ ಮಾತು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೇರೆಯವರ ಮುಖ ನೋಡಿ ಸಾಕೋ ಬೇಕೋ ತಿಳಿಯುವುದನ್ನು ನಾವೇ ಕಲಿಸಿರಲಿಲ್ಲ.

ಸಾಹುಕಾರರು ಪಂಚೆ ಕೊಡವಲಿಲ್ಲ. ಮಡಿಲಲ್ಲಿದ್ದುದನ್ನೇ ಹೆಕ್ಕಿ ತಿನ್ನುತ್ತಾ ಬಹಳ ಹೊತ್ತು ಮಕ್ಕಳ ನಡುವೆ ಕೂತಿದ್ದರು. ಹೊರಡುವಾಗ ಹೇಳಿದರು: "ಮೇಡಂ, ಇಷ್ಟು ವರ್ಷ ಬಂದೀನಿ. ನಿಮ್ಮ ಶಾಲಿನಾಗೆ ಉಂಡಿದ್ದು ಇವತ್ತೇ ನೋಡ್ರಿ." ಬ್ಯಾನರ್ ಕಾರಿನಲ್ಲೇ ಉಳಿದಿತ್ತು.

ಮಾರನೆಯ ದಿನದಿಂದ ಮಂಜುವಿಗೆ ಹೊಸ ಪಾಠ ಶುರುವಾಯಿತು. ಎದುರಿನವರು ಅಂಗೈ ಎತ್ತಿದರೆ ನಿಲ್ಲಿಸಬೇಕು. ಅದನ್ನೂ ಕಲಿತ. ಆದರೆ ಕೆಲವು ಮಕ್ಕಳಿಗೆ ಕೊಡುವುದನ್ನು ಕಲಿಸುವುದು ಅಷ್ಟು ಸುಲಭವಿರಲಿಲ್ಲ. ಹುಟ್ಟುವಾಗ ಉಸಿರು ಕಟ್ಟಿ ಮೆದುಳಿಗೆ ಪೆಟ್ಟು ಬಿದ್ದ ಮಕ್ಕಳಲ್ಲಿ ಕೈಕಾಲಿನ ಸ್ನಾಯುಗಳು ಬಿಗಿದುಕೊಂಡಿರುತ್ತವೆ. ಅಂಗೈಯಲ್ಲಿ ಏನಾದರೂ ಇಟ್ಟರೆ ಮುಷ್ಟಿ ಮುಚ್ಚಿಕೊಳ್ಳುತ್ತದೆ. ಬಿಡಬೇಕೆಂದು ಮಗುವಿಗೆ ಮನಸ್ಸಿದ್ದರೂ ಬೆರಳು ಬಿಚ್ಚುವುದಿಲ್ಲ. ನೋಡುವವರಿಗೆ ಮಗು ಹಟ ಮಾಡುತ್ತಿದೆ ಎನ್ನಿಸುತ್ತದೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಆ ಬೆರಳುಗಳನ್ನು ಒಂದೊಂದಾಗಿ ಎಳೆದು ಬಿಚ್ಚುವುದೇ ಪದ್ಧತಿ. ದೊಡ್ಡ ಮೇಡಂ ನಮಗೆಲ್ಲ ಹಾಗೆಯೇ ಕಲಿಸಿದ್ದರು. ಮಗು ಅಳುತ್ತಿತ್ತು, ನಾವು ಎಳೆಯುತ್ತಿದ್ದೆವು. ಆಮೇಲೆ ಒಮ್ಮೆ ಅವರು ಹೊರ ಊರಿನ ತರಬೇತಿಯೊಂದಕ್ಕೆ ಹೋಗಿ ಬಂದರು. ಬಂದ ಮರುದಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲ ಶಿಕ್ಷಕಿಯರನ್ನೂ ಆಯಾಗಳನ್ನೂ ನಿಲ್ಲಿಸಿಕೊಂಡರು.

"ಇಷ್ಟು ವರ್ಷ ನಾನು ನಿಮಗೆ ಹೇಳಿಕೊಟ್ಟಿದ್ದು ತಪ್ಪು. ಎಳೆದಷ್ಟೂ ಮುಷ್ಟಿ ಬಿಗೀತೈತೆ. ಇವತ್ತಿಂದ ಯಾರೂ ಎಳೀಬ್ಯಾಡ್ರಿ" ಎಂದರು. ಒಂದು ಮಗುವನ್ನು ಮಡಿಲಲ್ಲಿ ಕೂಡಿಸಿಕೊಂಡು ತೋರಿಸಿದರು. ಮಣಿಕಟ್ಟನ್ನು ಮೆಲ್ಲಗೆ ಕೆಳಕ್ಕೆ ಬಗ್ಗಿಸಬೇಕು. ಹೊರಗೈಯನ್ನು ಬೆರಳ ತುದಿಯಿಂದ ಸವರಬೇಕು. ನಮ್ಮ ಅಂಗೈಯನ್ನು ಅದರ ಕೆಳಗೆ ಚಾಚಿ ಸುಮ್ಮನೆ ಕಾಯಬೇಕು. ಹೆಬ್ಬೆರಳು ಮೊದಲು ಸಡಿಲವಾಗುತ್ತದೆ, ಆಮೇಲೆ ಉಳಿದವು. ಎಲ್ಲರ ಎದುರಿಗೆ 'ನಾನು ಕಲಿಸಿದ್ದು ತಪ್ಪು' ಎಂದ ಇನ್ನೊಬ್ಬ ಮೇಲಧಿಕಾರಿಯನ್ನು ನನ್ನ ಕೆಲಸದ ಅವಧಿಯಲ್ಲಿ ನಾನು ಕಾಣಲಿಲ್ಲ.

ಶಾಲೆಗೆ ಬರಲಾಗದ ಮಕ್ಕಳ ಮನೆಗೆ ನಾವೇ ಹೋಗುತ್ತಿದ್ದೆವು. ನನಗೆ ಸಿಕ್ಕಿದ್ದು ಹರಿಹರ. ವಾರಕ್ಕೆರಡು ಸಲ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಹಳೆಯ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಕಾಳುಕಡಿ ವ್ಯಾಪಾರಿ ಶಿವಲಿಂಗಪ್ಪನವರ ಮನೆ. ಮುಂದೆ ಅಂಗಡಿ, ಹಿಂದೆ ಉದ್ದನೆಯ ಮನೆ. ಮಗ ವ್ಯಾಪಾರಕ್ಕೆಂದು ಸಂತೆಯಿಂದ ಸಂತೆಗೆ ತಿರುಗುವವರು. ಮನೆಯಲ್ಲಿ ಅಜ್ಜನ ಮಾತೇ ಮಾತು. ಸೊಸೆ ಸುವರ್ಣಮ್ಮ, ಆಕೆಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಶೈಲಾ, ಕಾಲೇಜು ಮುಗಿಸಿದ್ದಳು. ಅವಳಾದ ಬಹಳ ವರ್ಷಗಳ ಮೇಲೆ ಹುಟ್ಟಿದವಳು ಗಿರಿಜಾ. ನಾನು ಮೊದಲು ನೋಡಿದಾಗ ಅವಳಿಗೆ ಹನ್ನೊಂದು ವರ್ಷ.

ಮೊದಲ ದಿನವೇ ಶಿವಲಿಂಗಪ್ಪನವರು ನನ್ನನ್ನು ಮರ್ಯಾದೆಯಿಂದ ಕೂಡಿಸಿ ಹೇಳಿದರು:

"ಕೂಡ್ರಿ ಟೀಚರ್. ನೀವು ಬಂದಿದ್ದು ಸಂತೋಷ. ಒಂದು ಮಾತು ಮಾತ್ರ. ಹಿಂದಿನ ಬಾಗ್ಲಿಂದ ಬರ್ರಿ, ಹಿಂದಿನ ಬಾಗ್ಲಿಂದ ಹೋಗ್ರಿ."

"ಯಾಕ್ರಿ?"

"ಅಂಗಡಿಗೆ ನಾಕು ಮಂದಿ ಬರ್ತಾರೆ. ಟೀಚರ್ ಯಾರಿಗೆ ಬಂದ್ರು ಅಂತ ಕೇಳ್ತಾರೆ. ಮನಿಯಾಗೆ ದೊಡ್ಡ ಹುಡುಗಿ ಮದುವಿಗೆ ಬಂದಾಳೆ. ನಿಮಗೆ ತಿಳೀತೈತಲ್ಲ."

ತಿಳಿಯಿತು. ಗಿರಿಜಾ ಹಿತ್ತಲ ಕಡೆಯ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿರುತ್ತಿದ್ದಳು. ಕೈಗಳು ಎದೆಗೆ ಮಡಚಿಕೊಂಡಿದ್ದವು, ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು. ಮಾತಿಲ್ಲ. ಆದರೆ ಕಣ್ಣು ಬಹಳ ಚುರುಕು. ಅಂಗಡಿಯಲ್ಲಿ ಸೇರಿನಿಂದ ಜೋಳ ಅಳೆದು ಸುರಿಯುವ ಸದ್ದು ಕೇಳಿದರೆ ಬಾಯಿ ತುಂಬ ನಗುತ್ತಿದ್ದಳು. ಅಳೆಯುವವರು ಅಜ್ಜ ಎಂಬುದು ಅವಳಿಗೆ ಗೊತ್ತಿತ್ತೋ ಇಲ್ಲವೋ ಆಗ ನನಗೆ ತಿಳಿದಿರಲಿಲ್ಲ. ಅಜ್ಜ ಆ ಕೋಣೆಗೆ ಬರುವುದು ಕಡಿಮೆ. ಬಂದರೆ ಬಾಗಿಲಲ್ಲಿ ನಿಂತು, "ಉಂಡಳಾ?" ಎಂದು ಸೊಸೆಯನ್ನು ಕೇಳಿ ಹೋಗುತ್ತಿದ್ದರು.

ಅವಳಿಗೆ ನಾನು ಕಲಿಸಲು ಹೊರಟದ್ದು ಬಿಡುವುದನ್ನು. ಬೇವಿನ ಎಸಳು, ಬಟ್ಟೆಯ ಚೂರು, ಚಮಚ, ಏನೇನೋ ಅವಳ ಕೈಗಿಟ್ಟು ನನ್ನ ಅಂಗೈ ಚಾಚಿ ಕೂರುತ್ತಿದ್ದೆ. ಕೆಲವು ದಿನ ಏನೂ ಆಗುತ್ತಿರಲಿಲ್ಲ. ಸುವರ್ಣಮ್ಮ ಎದುರಿಗೆ ಕೂತು ನೋಡಿ ನೋಡಿ ತಾನೂ ಕಲಿತರು. ನಾನಿಲ್ಲದ ದಿನಗಳಲ್ಲಿ ಅವರೇ ಮಾಡುತ್ತಿದ್ದರು. ಪಾಪ, ಮನೆಗೆಲಸದ ನಡುವೆ ಅಷ್ಟು ಹೊತ್ತು ಹೇಗೆ ಹೊಂದಿಸುತ್ತಿದ್ದರೋ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಶಾಲೆಯ ಮಕ್ಕಳನ್ನು ಕೊಂಡಜ್ಜಿ ಕೆರೆಗೆ ಕರೆದುಕೊಂಡು ಹೋದೆವು. ಸುವರ್ಣಮ್ಮ ಹೇಗೋ ಮಾವನನ್ನು ಒಪ್ಪಿಸಿ ಗಿರಿಜಾಳನ್ನೂ ಕರೆತಂದರು. ಅಷ್ಟು ನೀರನ್ನು ಅವಳು ಅದೇ ಮೊದಲು ಕಂಡದ್ದು. ಕುತ್ತಿಗೆ ಆಡದಿದ್ದರೂ ಕಣ್ಣನ್ನು ಕೆರೆಯ ಈ ದಡದಿಂದ ಆ ದಡಕ್ಕೆ ಓಡಿಸುತ್ತಿದ್ದಳು. ಸ್ಕೌಟು ಮಕ್ಕಳ ತರಬೇತಿ ನಡೆಯುವ ಮೈದಾನದ ಹತ್ತಿರ ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಅವಳನ್ನು ಮಡಿಲಲ್ಲಿ ಕೂಡಿಸಿಕೊಂಡಿದ್ದ ಸುವರ್ಣಮ್ಮ ಅವಳ ಕೈಗೆ ರೊಟ್ಟಿಯ ಚೂರು ಕೊಟ್ಟು ಅಭ್ಯಾಸದಂತೆ ತಮ್ಮ ಅಂಗೈ ಚಾಚಿದರು. ಚಾಚಿಕೊಂಡೇ ನನ್ನ ಜೊತೆ ಬೇರೇನೋ ಮಾತಾಡುತ್ತಿದ್ದರು. ಮಾತಿನ ನಡುವೆ ಥಟ್ಟನೆ ನಿಲ್ಲಿಸಿದರು. ರೊಟ್ಟಿ ಚೂರು ಅವರ ಅಂಗೈಯಲ್ಲಿ ಬಿದ್ದಿತ್ತು.

"ಟೀಚರ್, ಇವಳು ನನಗ ಕೊಟ್ಟಳು" ಎಂದರು ಸಣ್ಣ ದನಿಯಲ್ಲಿ. ಅದನ್ನು ಬಾಯಿಗಿಟ್ಟುಕೊಂಡು ಅಗಿದರು.

ಅದಾದ ಕೆಲವೇ ದಿನಕ್ಕೆ ಅಧಿಕಾರಿಯೊಬ್ಬರು ಶಾಲೆಯ ತಪಾಸಣೆಗೆ ಬಂದರು. ಹರಿಹರದ ಮಗು ವರ್ಷಪೂರ್ತಿ ಏನು ಕಲಿಯಿತು ಎಂದು ಕೇಳಿದರು. "ಬೆರಳು ಬಿಚ್ಚೋದು ಕಲಿತೈತೆ ಸರ್" ಎಂದರು ದೊಡ್ಡ ಮೇಡಂ.

"ಅಷ್ಟೇನಾ?"

"ಅಷ್ಟೇ ಸರ್."

ಅಧಿಕಾರಿ ಬರೆಯಲು ಎತ್ತಿದ ಪೆನ್ನನ್ನು ಹಾಗೇ ಹಿಡಿದು ಕೂತರು. ನಮ್ಮ ಕೆಲಸಕ್ಕೆ ಬರುವವರು ಈ 'ಅಷ್ಟೇನಾ'ಗೆ ಹೆದರಬಾರದು. ನಿಮ್ಮ ಮನೆಯವರೂ ಕೇಳುತ್ತಾರೆ, ನಿಮ್ಮ ಮನಸ್ಸೂ ಕೇಳುತ್ತದೆ.

ದಸರಾ ಬಂತು. ನಮ್ಮ ಕಡೆ ವಿಜಯದಶಮಿಯ ಸಂಜೆ ಕಿರಿಯರು ಹಿರಿಯರಿಗೆ ಬನ್ನಿ ಪತ್ರೆ ಕೊಟ್ಟು ಕಾಲು ಮುಟ್ಟುತ್ತಾರೆ. ಬನ್ನಿ ತಗೊಂಡು ಬಂಗಾರದಂಗೆ ಇರೋಣ ಎನ್ನುತ್ತಾರೆ. ಈ ಸಲ ಗಿರಿಜಾ ಅಜ್ಜನಿಗೆ ಬನ್ನಿ ಕೊಡಲಿ ಎಂದು ಸುವರ್ಣಮ್ಮನಿಗೂ ನನಗೂ ಆಸೆ. ಮಗುವಿಗೆ ಅದನ್ನೇ ಅಭ್ಯಾಸ ಮಾಡಿಸಿದ್ದೆವು. ಹಬ್ಬಕ್ಕೆ ಮೊದಲು ಸುವರ್ಣಮ್ಮನ ಫೋನು ಬಂತು.

"ಟೀಚರ್, ಬನ್ನಿ ದಿನ ಸಂಜಿಗೆ ಶೈಲಾನ್ನ ನೋಡಾಕೆ ಗಂಡಿನ ಕಡಿಯೋರು ಬರ್ತಾರೆ. ಒಳ್ಳೆ ಮನೆತನ ಅಂತಾರೆ. ಅವತ್ತೊಂದಿನ ಗಿರಿಜಾನ್ನ ನಿಮ್ಮ ಶಾಲಿನಾಗೆ ಇಟ್ಕಂತೀರಾ? ಮಾವಾರು ಕೇಳು ಅಂದ್ರು."

ಮೇಡಂನ ಕೇಳಿ ಹೇಳುತ್ತೇನೆ ಎಂದು ಫೋನಿಟ್ಟೆ. ಇಲ್ಲ ಎಂದರೆ ಮಗು ಕದ ಹಾಕಿದ ಕೋಣೆಯಲ್ಲಿರುತ್ತದೆ. ಹೂಂ ಎಂದರೆ ಅವಳನ್ನು ಬಚ್ಚಿಡುವ ಕೆಲಸಕ್ಕೆ ನಾವೂ ಸೇರಿದಂತಾಗುತ್ತದೆ. ದೊಡ್ಡ ಮೇಡಂ ಹೇಳಿದರು: "ಕರ್ಕೊಂಡು ಬಾ. ಇಲ್ಲಾದ್ರೂ ಹುಡುಗಿಗೆ ಹಬ್ಬ ಆಗ್ಲಿ. ಮನಿಯೋರ ಸುದ್ದಿ ಆಮ್ಯಾಲೆ."

ವಿಜಯದಶಮಿಯ ಬೆಳಿಗ್ಗೆ ಗಿರಿಜಾ ಹೊಸ ಲಂಗ ಹಾಕಿಕೊಂಡು ನಮ್ಮಲ್ಲಿಗೆ ಬಂದಳು. ಮಧ್ಯಾಹ್ನ ಊಟ ಮುಗಿದು ಮಕ್ಕಳನ್ನು ಮಲಗಿಸುತ್ತಿದ್ದೆವು. ಗೇಟಿನ ಬಳಿ ಆಟೋ ನಿಂತಿತು. ಇಳಿದವಳು ಶೈಲಾ. ತಲೆ ತುಂಬ ಹೂವು, ಕೈಗೆ ಹೊಸ ಬಳೆ. ಮುಖ ಮಾತ್ರ ಬೆವರಿತ್ತು.

"ಟೀಚರ್, ಗಿರ್ಜಿನ್ನ ಕರ್ಕಂಡು ಹೋಗಾಕೆ ಬಂದೀನಿ."

"ಅಜ್ಜಾರು ಕಳಿಸಿದ್ರಾ?"

"ಇಲ್ಲ. ಹಣ್ಣು ತರ್ತೀನಿ ಅಂತ ಹೇಳಿ ಬಂದೆ. ಅವರು ನನ್ನ ನೋಡಾಕೆ ಬರ್ತಾರೆ, ನನಗೊಬ್ಬಳು ತಂಗಿ ಅದಾಳೆ ಅನ್ನೋದು ಅವರಿಗೆ ಗೊತ್ತಿರಬೇಕಲ್ರಿ. ಮದುವಿ ಆದ್ಮ್ಯಾಲೆ ನಾನು ಇವಳ ಹೆಸರೇ ಎತ್ತಂಗಿಲ್ಲ ಅಂದ್ರೆ ಹೆಂಗೆ ಬಾಳ್ವೆ ಮಾಡ್ಲಿ?"

"ಸಂಬಂಧ ತಪ್ಪಿ ಹೋದ್ರೆ?" ಎಂದು ದೊಡ್ಡ ಮೇಡಂ ಬಾಗಿಲಲ್ಲೇ ನಿಂತು ಕೇಳಿದರು.

ಶೈಲಾ ಅಂಗೈಯಿಂದ ಮುಖದ ಬೆವರು ಒರೆಸಿಕೊಂಡಳು. "ಭಯ ಐತ್ರಿ ಮೇಡಂ. ಆದ್ರೂ ಕರ್ಕಂಡು ಹೋಗ್ತೀನಿ."

ದೊಡ್ಡ ಮೇಡಂ ನನ್ನ ಕಡೆ ತಿರುಗಿದರು. "ವನಜಾ, ನೀನೂ ಹೋಗು. ಅವರ ಮನಿ ಮಾತಿನಾಗೆ ಬಾಯಿ ಹಾಕಬ್ಯಾಡ. ಹುಡುಗಿ ಜೊತಿಗೆ ಇರು, ಸಾಕು."

ಹರಿಹರ ಸೇರುವಾಗ ಬಿಸಿಲು ಇಳಿದಿತ್ತು. ಬೀದಿಯಲ್ಲಿ ಆಗಲೇ ಜನ ಹೊಸ ಬಟ್ಟೆ ಹಾಕಿಕೊಂಡು ಬನ್ನಿ ಕೊಡಲು ಮನೆಯಿಂದ ಮನೆಗೆ ಹೋಗುತ್ತಿದ್ದರು. ನಾನು ಅಭ್ಯಾಸಬಲದಿಂದ ಹಿತ್ತಲ ಓಣಿಯ ಕಡೆ ಹೆಜ್ಜೆ ಇಟ್ಟೆ. ಗಿರಿಜಾಳನ್ನು ಎತ್ತಿಕೊಂಡಿದ್ದ ಶೈಲಾ, "ಇತ್ಲಾಗೆ ಬರ್ರಿ ಟೀಚರ್" ಎಂದು ಅಂಗಡಿಯ ಬಾಗಿಲಿನಿಂದಲೇ ಒಳಗೆ ನಡೆದಳು.

ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಗಂಡಿನ ಕಡೆಯವರು ಆಗಲೇ ಬಂದು ಕೂತಿದ್ದರು. ನಡುವೆ ಶಿವಲಿಂಗಪ್ಪನವರು, ಪಕ್ಕದಲ್ಲಿ ಅವರ ಮಗ, ಎದುರಿಗೆ ಬನ್ನಿ ತುಂಬಿದ ತಟ್ಟೆ. ನಮ್ಮನ್ನು ನೋಡಿ ಅವರ ಮಾತು ಅರ್ಧಕ್ಕೆ ನಿಂತಿತು. ಅವರ ಮುಖ ಕಪ್ಪಿಟ್ಟಿದ್ದನ್ನು ನಾನು ಕಂಡೆ. ಅಡುಗೆಮನೆಯ ಬಾಗಿಲಿಗೆ ಬಂದ ಸುವರ್ಣಮ್ಮ ಕಂಬ ಹಿಡಿದುಕೊಂಡು ನಿಂತರು.

ಶೈಲಾ ತಂಗಿಯನ್ನು ಮಡಿಲಲ್ಲಿ ಕೂಡಿಸಿಕೊಂಡು ಅಜ್ಜನ ಎದುರಿಗೆ ಕೂತಳು. "ಅಜ್ಜ, ಗಿರ್ಜಿ ನಿನಗ ಬನ್ನಿ ಕೊಡಾಕೆ ಬಂದಾಳೆ" ಎಂದಳು. ಸುವರ್ಣಮ್ಮ ಬಂದು ತಟ್ಟೆಯಿಂದ ಒಂದು ಎಸಳು ತೆಗೆದು, ಮುಳ್ಳು ಚಿವುಟಿ, ಮಗುವಿನ ಕೈಗಿಟ್ಟರು. ಮುಷ್ಟಿ ಮುಚ್ಚಿತು.

ಶಿವಲಿಂಗಪ್ಪನವರಿಗೆ ಇದು ಬೇಗ ಮುಗಿದರೆ ಸಾಕಾಗಿತ್ತು. ಕೈ ಚಾಚಿ ಎಸಳಿನ ತುದಿ ಹಿಡಿದು ಎಳೆದರು. ಮುಷ್ಟಿ ಇನ್ನೂ ಬಿಗಿಯಿತು. ಮತ್ತೆ ಎಳೆದರು. ಗಿರಿಜಾಳ ಮೈಯೆಲ್ಲ ಬಿಲ್ಲಿನಂತೆ ಸೆಟೆದುಕೊಂಡಿತು, ಬಾಯಿ ಸೊಟ್ಟಗಾಯಿತು, ಗಂಟಲಿನಿಂದ ಒಂದು ಸದ್ದು ಹೊರಟಿತು. ಗಂಡಿನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಎದ್ದೇಬಿಟ್ಟಿದ್ದೆ. ದೊಡ್ಡ ಮೇಡಂ ಹೇಳಿದ್ದು ನೆನಪಾಗಿ ಹಾಗೇ ನಿಂತೆ.

ಮಾತಾಡಿದವರು ಸುವರ್ಣಮ್ಮ. ಹೊರಗಿನವರ ಎದುರಿಗೆ ಮಾವನ ಜೊತೆ ಅವರು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಎಳೀಬ್ಯಾಡ್ರಿ ಮಾವಾರೆ. ಎಳೆದ್ರೆ ಅವಳಿಗೆ ಬಿಡಾಕೆ ಬರಂಗಿಲ್ಲ. ಕೈ ಹಿಂಗೆ ಕೆಳಗೆ ಹಿಡೀರಿ. ಸುಮ್ನೆ ಹಿಡೀರಿ. ಅವಳೇ ಕೊಡ್ತಾಳೆ."

ಅವರು ಸೊಸೆಯ ಮುಖ ನೋಡಿದರು. ಆಮೇಲೆ ಅಂಗೈ ಬಿಚ್ಚಿ ಮಗುವಿನ ಮುಷ್ಟಿಯ ಕೆಳಗೆ ಹಿಡಿದರು. ಸುವರ್ಣಮ್ಮ ಮಗುವಿನ ಮಣಿಕಟ್ಟು ಬಗ್ಗಿಸಿ ಹೊರಗೈ ಸವರಿದರು. ಬೀದಿಯಲ್ಲಿ ಜನರ ಮಾತು, ನಗು ಕೇಳುತ್ತಿತ್ತು. ಪಡಸಾಲೆಯಲ್ಲಿ ಎಲ್ಲರೂ ಒಂದು ಸಣ್ಣ ಮುಷ್ಟಿಯನ್ನು ನೋಡುತ್ತಾ ಕೂತಿದ್ದರು. ಗಿರಿಜಾ ಅಜ್ಜನ ಮುಖವನ್ನೇ ನೋಡುತ್ತಿದ್ದಳು. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ಅವರನ್ನು ಅವಳು ಎಂದೂ ನೋಡಿರಲಿಲ್ಲವೇನೋ. ಮೈ ಸಡಿಲವಾಯಿತು. ಹೆಬ್ಬೆರಳು ಅಲುಗಿತು. ಬನ್ನಿಯ ಎಸಳು ಅವರ ಅಂಗೈಗೆ ಬಿತ್ತು. ಒಂದೆರಡು ಸಣ್ಣ ಎಲೆಗಳು ಅವಳ ಬೆವರಿಗೆ ಅಂಟಿ ಅವಳ ಕೈಯಲ್ಲೇ ಉಳಿದವು.

ಶಿವಲಿಂಗಪ್ಪನವರು ಅದನ್ನು ಕಣ್ಣಿಗೊತ್ತಿಕೊಂಡರು. ಮಗುವಿನ ತಲೆಯ ಮೇಲೆ ಕೈಯಿಟ್ಟು, "ಬಂಗಾರದಂಗೆ ಇರವ್ವ" ಎಂದರು. ಆಮೇಲೆ ಬೀಗರಾಗಬೇಕಿದ್ದವರ ಕಡೆ ತಿರುಗಿದರು. "ಇವಳು ನನ್ನ ಸಣ್ಣ ಮೊಮ್ಮಗಳು ಗಿರಿಜಾ. ಮೊದ್ಲೇ ಹೇಳಬೇಕಿತ್ತು ನಿಮಗೆ. ಹೇಳ್ಲಿಲ್ಲ."

ಬಂದವರು ಸಭ್ಯಸ್ಥರು. ಚಹಾ ಕುಡಿದರು, ಬನ್ನಿ ಕೊಟ್ಟರು, ತಗೊಂಡರು, ಹೊರಟರು. ಕೆಲವು ದಿನಗಳ ಮೇಲೆ ಮಧ್ಯಸ್ಥರ ಮೂಲಕ ಬೇಡವೆಂದು ಹೇಳಿ ಕಳಿಸಿದರು.

ಸುದ್ದಿ ತಿಳಿದ ಮೇಲೆ ಹರಿಹರಕ್ಕೆ ಹೋಗಲು ನನಗೆ ಕಾಲೇ ಬರಲಿಲ್ಲ. ಒಂದು ಹುಡುಗಿಯ ಮದುವೆ ತಪ್ಪಿದೆ. ನಮ್ಮ ಪಾಠದಿಂದ ಆ ಮನೆಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಹೇಗೆ ಹೇಳುವುದು? ಆದರೂ ಹೋದೆ. ಶಿವಲಿಂಗಪ್ಪನವರು ಅಂಗಡಿಯಲ್ಲಿದ್ದರು.

"ಟೀಚರ್, ಆ ಸಂಬಂಧ ಮುರಿದು ಬಿತ್ತು."

"ಗೊತ್ತಾತ್ರಿ. ಭಾಳ ಬ್ಯಾಸರಾತು."

"ನನಗೂ ಆತು. ಸುಳ್ಳು ಯಾಕ ಹೇಳ್ಲಿ, ಊಟ ಸೇರ್ಲಿಲ್ಲ. ಶೈಲಾನ ಮ್ಯಾಲೆ ಸಿಟ್ಟೂ ಬಂತು. ಆದ್ರ ಆ ಹುಡುಗಿ ಆರಾಮಾಗಿ ಅದಾಳೆ ನೋಡ್ರಿ, ತಂಗಿಗೆ ಜಡೆ ಹಾಕ್ಕಂತ ಕುಂತಾಳೆ. ಅವಳೇ ಅಳ್ಲಿಲ್ಲ ಅಂದ್ಮ್ಯಾಲೆ ನಾನೇನು ಅಳೋದು?" ಎಂದು ಸ್ವಲ್ಪ ಸರಿದು ದಾರಿ ಬಿಟ್ಟರು. "ಒಳಗ ಹೋಗ್ರಿ. ಹಿಂಗೇ ಹೋಗ್ರಿ."

ಆ ಚಳಿಗಾಲದಲ್ಲಿ ಅವರು ಬಡಗಿಯನ್ನು ಕರೆಸಿ, ನಾವು ಹೇಳಿದ ಅಳತೆಗೆ, ಬೆನ್ನಿಗೂ ಕುತ್ತಿಗೆಗೂ ಆಸರೆಯಿರುವ ಕುರ್ಚಿ ಮಾಡಿಸಿದರು. ಗಿರಿಜಾ ಸಂಜೆಯ ಹೊತ್ತು ಅಂಗಡಿಯಲ್ಲಿ ಅಜ್ಜನ ಪಕ್ಕ ಕೂರತೊಡಗಿದಳು. ಜೋಳ ಸುರಿಯುವ ಸದ್ದಿಗೆ ನಗುತ್ತಿದ್ದಳು. ಗಿರಾಕಿಗಳು ಮೊದಮೊದಲು ತಿರುಗಿ ತಿರುಗಿ ನೋಡಿದರು, ಆಮೇಲೆ ಮಾತಾಡಿಸತೊಡಗಿದರು. ಮುಂದೆ ಶೈಲಾಳನ್ನು ಮೇಷ್ಟ್ರೊಬ್ಬರು ಮದುವೆಯಾದರು. ಹೆಣ್ಣು ನೋಡಲು ಬಂದ ದಿನ ಅವರು ಮೊದಲು ಮಾತಾಡಿಸಿದ್ದು ಗಿರಿಜಾಳನ್ನೇ ಎಂದು ಸುವರ್ಣಮ್ಮ ಎಷ್ಟೋ ಸಲ ಹೇಳಿದ್ದಾರೆ.

ಅಲ್ಲಿಂದ ಮುಂದೆ ಪ್ರತಿ ವಿಜಯದಶಮಿಗೂ ಗಿರಿಜಾ ಅಜ್ಜನಿಗೆ ಬನ್ನಿ ಕೊಡುವುದನ್ನು ನೋಡಲು ನಾನು ಹರಿಹರಕ್ಕೆ ಹೋಗುತ್ತಿದ್ದೆ. ಈಗ ಆ ದಿನ ಫೋನಿಗೆ ಬೆಳಗಿನಿಂದ ಬನ್ನಿಯ ಚಿತ್ರಗಳು ಬಂದು ಬೀಳುತ್ತವೆ. ನಮ್ಮ ಶಾಲೆಯ ಹೊಸ ಟೀಚರು ಮಾತು ಬಾರದ ಮಗುವಿನ ಮುಂದೆ ಟ್ಯಾಬ್ ಇಡುತ್ತಾಳೆ. ಮಗು ಚಿತ್ರ ಒತ್ತಿದರೆ "ಬನ್ನಿ ತಗೊಳ್ರಿ" ಎಂದು ಅದು ಮಾತಾಡುತ್ತದೆ. ಒಳ್ಳೆಯದೇ. ನಮ್ಮ ಕಾಲದಲ್ಲಿ ಅದಿದ್ದರೆ ಗಿರಿಜಾ ಏನೇನು ಹೇಳುತ್ತಿದ್ದಳೋ ಎಂದು ಯೋಚಿಸುತ್ತೇನೆ.

ಇಂಥ ಮಕ್ಕಳ ಎದೆ ಬಲಹೀನ. ಹತ್ತೊಂಬತ್ತು ತುಂಬುವ ಮೊದಲೇ, ಒಂದು ಚಳಿಗಾಲ ಗಿರಿಜಾಳಿಗೆ ಕಫ ಕಟ್ಟಿ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಅವಳು ಮನೆಗೆ ಬರಲಿಲ್ಲ. ನಾವು ಕಲಿಸಿದ ಮಕ್ಕಳು ನಮಗಿಂತ ಮೊದಲೇ ಹೋಗುವುದುಂಟು ಎಂದು ತರಬೇತಿಯಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಜಗಲಿಗೆ ಬರುವ ಹುಡುಗಿಯರಿಗೆ ನಾನು ಹೇಳುತ್ತೇನೆ. ಅಂಥ ದಿನ ಬಂದರೆ ರಜೆ ಹಾಕಿ ಮನೆಯಲ್ಲಿ ಒಬ್ಬರೇ ಕೂರಬೇಡಿ, ಆ ಮಗುವಿನ ತಾಯಿಯ ಹತ್ತಿರ ಹೋಗಿ ಕೂತುಕೊಳ್ಳಿ. ಆ ಮಗುವನ್ನು ಆಕೆಯಷ್ಟು ಬಲ್ಲವರು ಬೇರೆ ಯಾರೂ ಇರುವುದಿಲ್ಲ.

ಅವಳು ಹೋದ ಮೇಲಿನ ಮೊದಲ ವಿಜಯದಶಮಿಗೆ ನಾನು ಹರಿಹರಕ್ಕೆ ಹೋಗಲಾರದೆ ಶಾಲೆಯಲ್ಲೇ ಉಳಿದೆ. ಮಧ್ಯಾಹ್ನ ಗೇಟಿನ ಸದ್ದಾಯಿತು. ದಾನಿಗಳಿರಬೇಕೆಂದು ನೋಡಿದರೆ ಶಿವಲಿಂಗಪ್ಪನವರು. ಕೋಲೂರಿಕೊಂಡು, ಬಗಲಲ್ಲಿ ಬಟ್ಟೆಯ ಗಂಟು ಹಿಡಿದು, ಒಬ್ಬರೇ ಬಸ್ಸಿನಲ್ಲಿ ಬಂದಿದ್ದರು.

"ಮನಿಯಾಗೆ ಕೂಡಾಕ ಆಗ್ಲಿಲ್ಲ ಟೀಚರ್. ಇಲ್ಲಿ ಕೂಡ್ತೀನಿ" ಎಂದರು.

ಗಂಟಿನಲ್ಲಿ ಬನ್ನಿ ಇತ್ತು, ಮುಳ್ಳು ಬಿಡಿಸಿದ್ದು. ಮಕ್ಕಳ ನಡುವೆ ಚಾಪೆಯ ಮೇಲೆ ಕೂತರು. ನಾವು ಒಬ್ಬೊಬ್ಬ ಮಗುವನ್ನೇ ಕರೆತಂದು ಕೈಗೆ ಎಸಳು ಕೊಟ್ಟೆವು. ಅವರು ಅಂಗೈ ಚಾಚಿ ಕೂತರು. ಕೆಲವರು ಥಟ್ಟನೆ ಕೊಟ್ಟು ಓಡಿದರು. ಒಬ್ಬ ಕೊಟ್ಟು, ಮತ್ತೆ ಕಿತ್ತುಕೊಂಡು, ಮತ್ತೆ ಕೊಟ್ಟ. ಕೈ ಬಿಗಿದ ಮಕ್ಕಳು ಬಂದಾಗ ಅವರು ಅಲ್ಲಾಡಲಿಲ್ಲ. ಹೊರಗೈ ಸವರುತ್ತಾ, ಮಗುವಿನ ಹೆಸರು ಕೇಳಿ ಅದನ್ನೇ ಮೆಲ್ಲಗೆ ಕರೆಯುತ್ತಾ ಕಾದರು. ಬಿಡಲಾಗದ ಮಕ್ಕಳೂ ಇದ್ದರು. ಅಂಥವರ ಮುಷ್ಟಿಯನ್ನೇ ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡರು.

ಸಂಜೆ ನಾನು ಅವರ ಜೊತೆ ಬಸ್ ನಿಲ್ದಾಣದವರೆಗೆ ಹೋದೆ. ಹಬ್ಬದ ಜನ ಬಹಳ ಇದ್ದರು. ಕಲ್ಲುಬೆಂಚಿನ ಮೇಲೆ ಜಾಗ ಸಿಕ್ಕಿತು. ಕೋಲನ್ನು ಪಕ್ಕಕ್ಕಿಟ್ಟು ಅವರು ಕೇಳಿದರು:

"ಟೀಚರ್, ಒಂದು ಕೇಳ್ತೀನಿ. ನನ್ನ ಸಮಾಧಾನಕ್ಕೆ ಅಂತ ಹೇಳಬ್ಯಾಡ್ರಿ, ಇದ್ದಿದ್ದು ಹೇಳ್ರಿ. ತಾನು ಬನ್ನಿ ಕೊಡ್ತಿರೋದು ಯಾರಿಗೆ ಅಂತ ಆ ಹುಡುಗಿಗೆ ಗೊತ್ತಾಗ್ತಿತ್ತಾ?"

ನಾನು ಉತ್ತರಕ್ಕೆ ಹುಡುಕಬೇಕಾಗಲಿಲ್ಲ. ಅದು ನಾನು ವರ್ಷವರ್ಷವೂ ಕಣ್ಣಾರೆ ಕಂಡದ್ದು.

"ಅವಳ ಕೈ ಹಿಡಿದು ಕಲಿಸಿದೋಳು ನಾನು. ನನಗೆ ಕೊಡಾಕೆ ಅವಳು ಯಾವತ್ತೂ ಭಾಳ ಹೊತ್ತು ತಗೋತಿದ್ಲು. ಅವರವ್ವಗೆ ಸ್ವಲ್ಪ ಬೇಗ. ನಿಮ್ಮ ಕೈ ಕೆಳಗೆ ಬಂದ್ರೆ ಮಾತ್ರ ಆ ಬೆರಳು ತಾವೇ ಬಿಚ್ಚತಿದ್ವು. ಕೊನೇ ವರ್ಷ ನೀವು ಎದುರಿಗೆ ಕೂಡೋದ್ರೊಳಗೇ ಬಿಟ್ಟುಬಿಟ್ಲು. ಪತ್ರೆ ನೆಲಕ್ಕೆ ಬಿತ್ತು. ನೆನಪೈತಾ?"

"ಐತೆ. ನಾನು ನಕ್ಕಿದ್ದೆ."

"ಅವಳೂ ನಕ್ಕಿದ್ಲು."

ಹರಿಹರದ ಬಸ್ಸು ಬಂತು. ಅವರು ಟವೆಲಿನಿಂದ ಮುಖ ಒರೆಸಿಕೊಂಡು ಕೋಲಿನ ಮೇಲೆ ಭಾರ ಹಾಕಿ ಎದ್ದರು.

"ಹಂಗಾದ್ರೆ ಸಾಕು ಬಿಡ್ರಿ" ಎಂದು ಬಸ್ಸು ಹತ್ತಿದರು.